ಬಣ್ಣ ಒಣಗುವ ಮುನ್ನ

‘ಶ್ರಾವಕ’ ಎಂಬ ಉಪಕರಣದ ತೆಳು ಬೆಳಕು ಕ್ಯಾನ್ವಾಸಿನ ಮೇಲೆ ಹರಿದಾಡತೊಡಗಿತು. ಎಣ್ಣೆಬಣ್ಣ ನಿಧಾನವಾಗಿ ಒಣಗುವಾಗ ಸುತ್ತಲಿನ ಸದ್ದಿನ ಕಂಪನ ಅದರಲ್ಲಿ ಸೂಕ್ಷ್ಮ ಗೆರೆಗಳಾಗಿ ಉಳಿದುಬಿಡುತ್ತದೆ. ಆ ಗೆರೆಗಳನ್ನು ಓದಿ ಮತ್ತೆ ಸದ್ದಾಗಿಸುವ ಈ ಉಪಕರಣಕ್ಕಾಗಿ ಡಾ. ಶಾಂಭವಿ ಹಾವನೂರ ತನ್ನ ಯೌವನವನ್ನೆಲ್ಲ ಸವೆಸಿದ್ದಳು. ಇಂದು ಅದರೆದುರು ಇದ್ದದ್ದು ಶತಮಾನಕ್ಕೂ ಹಿಂದಿನ ಇಟಲಿಯ ಚಿತ್ರ. ಯಂತ್ರವೇ ದೇವರು, ವೇಗವೇ ಸೌಂದರ್ಯ ಎಂದು ಕುಣಿದಾಡಿದ ಕಲಾವಿದರ ಗುಂಪಿನವನೊಬ್ಬ ಟ್ಯೂರಿನ್ ನಗರದಲ್ಲಿ ಬರೆದ ಓಡುವ ಮೋಟಾರು. ಹುಚ್ಚೆಂದರೆ ಹುಚ್ಚು, ಒಂದೇ ಚಕ್ರವನ್ನು ಹತ್ತಾರು ಬಾರಿ ಒಂದರ ಮೇಲೊಂದು ಬರೆದಿದ್ದ.

“ಮೋಟಾರಿನ ಗುಡುಗು ಸಿಕ್ಕರ ಸಾಕ್ರಿ ಮೇಡಂ, ನಮ್ಮ ಪ್ರದರ್ಶನಕ್ಕ ಜನ ಮುಗಿಬೀಳ್ತಾರ,” ಎಂದರು ಧಾರವಾಡದ ಕಲಾಸಂಗ್ರಹಾಲಯದ ಮುಖ್ಯಸ್ಥ ಕುಬಸದ. ಇಟಾಲಿಯನ್ ಬಲ್ಲವರು.

ಶಾಂಭವಿಯ ಫೋನು ಮತ್ತೆ ಕಂಪಿಸಿತು. ಮಗಳು ಇಳಾ.

“ಅವ್ವಾ, ಮೈ ಭಾಳ ಬಿಸಿ ಆಗೇತಿ. ಯಾವಾಗ ಬರ್ತಿ?”

“ಅಜ್ಜಿ ಇದ್ದಾಳಲ್ಲ? ಆಮ್ಯಾಲೆ ಬರ್ತೀನಿ, ತಡಿ.”

ಉಪಕರಣ ಮೇಲಿನ ಪದರದಿಂದ ಒಳಕ್ಕಿಳಿಯುತ್ತದೆ. ಹಾಗಾಗಿ ಕೊನೆಯ ದಿನಗಳ ಸದ್ದೇ ಮೊದಲು ಕೇಳುವುದು. ಮೊದಲು ಕುಂಚ ಸವರುವ ಸದ್ದಷ್ಟೇ ಇತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲವೆಂಬಂಥ ಮೌನ. ಅದರ ಕೆಳಗಿನ ಪದರದಲ್ಲಿ ಕೆಮ್ಮು. ಇನ್ನೂ ಕೆಳಗೆ ಕ್ಷೀಣವಾಗಿ, “ಪಪಾ.”

ಗಂಡಸಿನ ದನಿ ಉತ್ತರಿಸಿತು, “ದೋಪೋ.”

ಕೆಳಗಿಳಿದಷ್ಟೂ ಮಗುವಿನ ದನಿಗೆ ಬಲ ಬರುತ್ತಿತ್ತು. ಮೇಲಿನ ಪದರದ ಮೌನ ಮಗು ಸತ್ತ ನಂತರದ್ದು; ಈಗ ಆ ಸತ್ತ ಮಗು ಹಿಂದಕ್ಕೆ ನಡೆದು ಬರುತ್ತಿತ್ತು. ಗಂಡಸಿನದು ಮಾತ್ರ ಅದೇ ಒಂದು ಮಾತು. ಕಟ್ಟಕಡೆಯ ಪದರದಲ್ಲಿ, ಚಿತ್ರ ಶುರುವಾದ ದಿನ, ಮೋಟಾರು ಕೊನೆಗೂ ಗುಡುಗಿತು. ತುಟಿ ಅದುರಿಸುತ್ತ ಮಗು ಬಾಯಲ್ಲೇ ಓಡಿಸುತ್ತಿದ್ದ ಮೋಟಾರು ಅದು. ಜತೆಗೆ ಅಪ್ಪನ ಗಟ್ಟಿ ನಗು.

“ಇದಷ್ಟs ಸಾಕ್ರಿ. ಮ್ಯಾಲಿನದು ಯಾರಿಗೂ ಕೇಳಿಸೂದು ಬ್ಯಾಡ,” ಎಂದರು ಕುಬಸದ.

“ದೋಪೋ ಅಂದ್ರ ಏನ್ರಿ?”

“ಆಮ್ಯಾಲೆ.”

ಶಾಂಭವಿ ಚೀಲವನ್ನೂ ಎತ್ತಿಕೊಳ್ಳದೆ ಮನೆಗೆ ಓಡಿದಳು.

ಪಡಸಾಲೆಯಲ್ಲಿ ಅಜ್ಜಿ ಇಳಾಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. “ಮುಂಜಾನಿಂದ ನಿನ್ನ ಜಪಾ ಮಾಡಾಕತ್ತೇತಿ ಕೂಸು.”

ಇಳಾ ಕಷ್ಟಪಟ್ಟು ಕಣ್ಣು ತೆರೆದಳು. “ಬಂದ್ಯಾ ಅವ್ವಾ?”

ನಿನ್ನೆಯಷ್ಟೇ ಈ ಗೋಡೆಗಳಿಗೆ ಆಯಿಲ್ ಪೇಂಟ್ ಬಳಿಸಿದ್ದರು. ಬೆಳಗಿನಿಂದ ಇಲ್ಲಿನ ಫೋನಿನ ಸ್ಪೀಕರಿನಲ್ಲಿ ಮೊಳಗಿದ ತನ್ನ ‘ಆಮ್ಯಾಲೆ’ಗಳೆಲ್ಲ ಅದರೊಳಗೆ ಇಳಿದಿದ್ದವು. ಶಾಂಭವಿ ಬೆರಳಿನಿಂದ ಗೋಡೆ ಮುಟ್ಟಿ ನೋಡಿದಳು. ಬಣ್ಣ ಇನ್ನೂ ಅಂಟುತ್ತಿತ್ತು.

“ಬಂದೆನವ್ವಾ,” ಎಂದಳು, ಮಗಳನ್ನು ಎತ್ತಿಕೊಂಡು, ಗೋಡೆಗೂ ಕೇಳುವಷ್ಟು ಗಟ್ಟಿಯಾಗಿ. “ದವಾಖಾನಿಗೆ ಈಗs ಹೋಗೂಣು.”