ಕೆಂಪು ಮಣಿ ಮುಗಿದಾಗ

"ಸೋತವರು ಒಂದು ವಾರ ಗೆದ್ದವರ ಬ್ಯಾಗ್ ಹೊರಬೇಕು. ಪ್ರಾಮಿಸ್?"

"ಪ್ರಾಮಿಸ್!" ಎಂದ ಗುಂಡ.

ಪಟಾಕಿ ತನ್ನ ಡಬ್ಬಿ ಕುಲುಕಿ ಹಲ್ಲು ಕಿಸಿದಳು. ಅವಳ ಬಾಯಿಗೆ ಹೆದರಿ ಕ್ಲಾಸಿನವರು ಇಟ್ಟ ಹೆಸರು ಅದು. ಅವಳದು ನವಣೆ ಡಬ್ಬಿ, ಕಂಠದವರೆಗೂ ಬಣ್ಣದ ಮಣಿ. ಗುಂಡನ ರಾಗಿ ಡಬ್ಬಿ ಅರ್ಧವೂ ತುಂಬಿರಲಿಲ್ಲ.

ನಾಳೆ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್. ಪಟಾಕಿಯ ಚಿಕ್ಕಮ್ಮ ಧಾನ್ಯ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಅದಕ್ಕಾಗಿ ಈ ಆಟ ಕಲಿಸಲು ಇವತ್ತು ಕ್ಲಾಸಿಗೆ ಬಂದವರು ಅವರೇ.

"ಧಾನ್ಯದಲ್ಲಿ ಪ್ರೋಟೀನ್ ಎಷ್ಟಿದೆಯೋ ಅಷ್ಟು ಮಣಿ ಹಾಕಿದೀನಿ. ಒಂದೊಂದು ಮಣೀನೂ ಒಂದು ಅಮೈನೊ ಆಮ್ಲ. ಕೆಂಪು ಲೈಸಿನ್, ಹಳದಿ ಮೆಥಿಯೊನಿನ್. ನಮ್ಮ ಮೈ ಇವನ್ನ ಪೋಣಿಸ್ಕೊಂಡೇ ಬೆಳೆಯೋದು. ಸರಕ್ಕೆ ಎಲ್ಲಾ ಬಣ್ಣಾನೂ ಬೇಕು. ಒಂದು ಇಲ್ದಿದ್ರೂ ಅದು ಸರ ಅಲ್ಲ. ಜಾಸ್ತಿ ಸರ ಮಾಡಿದವರು ಗೆದ್ದ ಹಾಗೆ," ಎಂದರು ಚಿಕ್ಕಮ್ಮ.

ಅಷ್ಟರಲ್ಲಿ ಪಟಾಕಿಯ ತಂಗಿ ಬೇಳೆಯ ಡಬ್ಬಿ ಹಿಡಿದು ಬಂದಳು.

"ಅಕ್ಕಾ, ಚಿಕ್ಕಮ್ಮ ನಂಗೂ ಕೊಟ್ರು. ನಾನೂ ಆಡ್ಲಾ?"

"ಇದು ಸಿರಿಧಾನ್ಯದ ಮ್ಯಾಚು ಕಣೇ! ಬೇಳೆಗೆ ಇಲ್ಲೇನು ಕೆಲಸ? ಮೂಲೇಲಿ ಕೂತು ಆಡ್ಕೋ ಹೋಗು."

ತಂಗಿ ಮುಖ ಸಣ್ಣದು ಮಾಡಿಕೊಂಡು ಕಿಟಕಿಯ ಕೆಳಗೆ ಹೋಗಿ ಕೂತಳು. ಪಟಾಕಿಗೆ ಕೊಂಚ ಪಿಚ್ಚೆನಿಸಿತು. ಆದರೆ ಮ್ಯಾಚಿನ ಹೊತ್ತಲ್ಲಿ ಅದಕ್ಕೆಲ್ಲ ಪುರುಸೊತ್ತೆಲ್ಲಿ?

"ಸ್ಟಾರ್ಟ್!"

ಪಟಾಕಿಯ ಕೈಗಿಂತ ಬಾಯಿಯೇ ಜೋರಾಗಿ ಓಡಿತು. "ನನ್ ಬ್ಯಾಗು ಕಲ್ಲಿನಷ್ಟು ಭಾರ ಕಣೋ ಗುಂಡಾ, ಇವತ್ತು ಚೆನ್ನಾಗಿ ಉಂಡು ಮಲಗು!" ಎನ್ನುವಾಗ ಮಣಿಗಳು ನೆಲಕ್ಕೆ ಚೆಲ್ಲಿದವು.

"ತುಂಬಿದ ಕೊಡ ತುಳುಕಲ್ಲ ಅಂತಾರೆ. ನಿನ್ನ ಡಬ್ಬಿ ತುಂಬಿದ್ರೂ ತುಳುಕ್ತಾನೇ ಇದೆ!" ಎಂದು ಗುಂಡ ನಕ್ಕ.

ಒಂಬತ್ತನೆಯ ಸರಕ್ಕೆ ಗಂಟು ಹಾಕಿ, ಪಟಾಕಿ ಕೆಂಪು ಮಣಿಗೆ ಕೈಹಾಕಿದಳು. ಇಲ್ಲ! ಡಬ್ಬಿ ಬೋರಲು ಹಾಕಿದಳು. ಬೆಂಚಿನ ಕೆಳಗೆ ತೂರಿ ಹುಡುಕಿದಳು. ಒಂದೂ ಇಲ್ಲ. ಅತ್ತ ಗುಂಡನ ಡಬ್ಬಿಯೂ ಬರಿದಾಗಿತ್ತು. ಅವನದೂ ಒಂಬತ್ತೇ ಸರ.

"ಚಿಕ್ಕಮ್ಮಾ, ಇದು ಮೋಸ! ನನ್ ಹತ್ರ ಇನ್ನೂ ಇಷ್ಟೊಂದು ಉಳಿದಿದೆ!"

"ಎಷ್ಟು ಉಳಿದ್ರೇನು, ಕೆಂಪು ಇಲ್ವಲ್ಲ! ನವಣೇಲಿ ಪ್ರೋಟೀನ್ ಜಾಸ್ತಿ, ಆದ್ರೆ ಅದ್ರಲ್ಲಿ ಲೈಸಿನ್ ಕಮ್ಮಿ. ರಾಗೀಲಿ ಪ್ರೋಟೀನೇ ಕಮ್ಮಿ, ಆದ್ರೆ ಬಣ್ಣಗಳು ಚೆನ್ನಾಗಿ ಹೊಂದ್ಕೊಂಡಿವೆ. ಅದಕ್ಕೇ ಸಮಸಮ."

ಪಟಾಕಿ ಮುಖ ಊದಿಸಿಕೊಂಡು ಕೂತಳು. ಮುಂದೆ ಹಳದಿ ಮಣಿಗಳ ಗುಡ್ಡೆ. ಯಾರಿಗೂ ಬೇಡದ ಗುಡ್ಡೆ.

"ನಂದು ಹಳದಿ ಖಾಲಿ," ಎಂದು ಕಿಟಕಿಯ ಕೆಳಗಿನಿಂದ ಸಣ್ಣ ದನಿ ಕೇಳಿತು.

ಪಟಾಕಿ ತಿರುಗಿ ನೋಡಿದಳು. ತಂಗಿಯ ಮಡಿಲಲ್ಲಿ ಕೆಂಪು ಮಣಿಗಳ ರಾಶಿಯೇ ಬಿದ್ದಿತ್ತು! ಪಟಾಕಿ ಆ ರಾಶಿಯನ್ನು ನೋಡಿದಳು, ತನ್ನ ಗುಡ್ಡೆಯನ್ನು ನೋಡಿದಳು.

ಆಮೇಲೆ ಬೆಂಚಿನಲ್ಲಿ ಒತ್ತರಿಸಿ ಜಾಗ ಮಾಡಿದಳು. "ಬಾರೇ ಇಲ್ಲಿ. ಡಬ್ಬೀನೂ ತಗೊಂಡು ಬಾ."

ತಂಗಿ ಕೆಂಪು ಕೊಟ್ಟಳು, ಅಕ್ಕ ಹಳದಿ ಕೊಟ್ಟಳು, ಗುಂಡ ದಾರ ಹಿಡಿದ. ಸರದ ಮೇಲೆ ಸರ! ಕೊನೆಗೆ ಮುಗಿದದ್ದು ಮಣಿಯಲ್ಲ, ದಾರ. ಚಿಕ್ಕಮ್ಮ ಇನ್ನೊಂದು ಉಂಡೆ ದಾರ ಹುಡುಕಲು ಎದ್ದರು.

ಬೆಲ್ ಹೊಡೆಯಿತು.

"ಹಾಗಾದ್ರೆ ಬ್ಯಾಗ್ ಯಾರು ಹೊರಬೇಕು?" ಎಂದ ಗುಂಡ.

ಪಟಾಕಿ ತನ್ನ ಬ್ಯಾಗನ್ನು ಒಂದು ಹೆಗಲಿಗೆ ಹಾಕಿಕೊಂಡಳು. ತಂಗಿಯದನ್ನು ಇನ್ನೊಂದಕ್ಕೆ.

"ಅಕ್ಕಾ, ನೀನು ಸೋತಿಲ್ವಲ್ಲ?"

"ಸುಮ್ನೆ ನಡಿಯೇ," ಎಂದು ಪಟಾಕಿ ಅವಳ ಕೈ ಹಿಡಿದುಕೊಂಡಳು.