ಕಪ್ಪು ಪರದೆಯಲ್ಲಿ ರೊಟ್ಟಿಯ ಸದ್ದು

ಸಾಂಬಾರಿನಲ್ಲಿ ಫಿನೈಲ್ ಇತ್ತು. ಹುಡುಗರು ಮುಖ ಕಿವಿಚಿದರೂ ಹಸಿವಿಗೆ ನಾಲ್ಕು ತುತ್ತು ನುಂಗಿದ್ದರು. ಈಗ ಹಿರೇಕೆರೂರಿನ ಆಸ್ಪತ್ರೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ರಟ್ಟೀಹಳ್ಳಿ ರಸ್ತೆಯ ಆ ಖಾಸಗಿ ವಸತಿ ಶಾಲೆಯ ಅಡುಗೆಮನೆಗೆ ಕಾಲಿಟ್ಟ ಪಿಎಸ್‌ಐ ಉಮೈಮಾ ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. ಕಕ್ಕಸು ತೊಳೆಯುವುದನ್ನು ಮಕ್ಕಳ ಊಟಕ್ಕೆ ಸುರಿಯಲು ಯಾವ ಮನುಷ್ಯನಿಗೆ ಮನಸ್ಸು ಬಂತು?

ಫಿನೈಲ್ ಡಬ್ಬಿ ಸಿಕ್ಕಿದ್ದು ಅಡುಗೆಯ ಶಂಕ್ರವ್ವನ ಚೀಲದಲ್ಲಿ. ಕೊಲೆಗಡುಕಿ ಇವಳೇ, ಇನ್ನೇನು ಬೇಕು ಎಂದು ಎಲ್ಲರೆದುರು ಹೇಳಿದರು ಹೆಡ್‌ಮಾಸ್ಟರ್. ಅವಳನ್ನು ಜೀಪಿಗೆ ಹತ್ತಿಸಿ ಎಂದು ಹೊರಗೆ ಪಾಲಕರ ಗದ್ದಲ. ಶಂಕ್ರವ್ವ ಗೋಡೆಗೆ ಆತು ನಿಂತಿದ್ದಳು. ಕೊತ್ತಂಬರಿ ಕೀಳಲು ಹಿತ್ತಲಿಗೆ ಹೋಗಿದ್ದೆ, ಮತ್ತೇನೂ ಗೊತ್ತಿಲ್ಲ ಎಂದಷ್ಟೇ ಹೇಳಿದಳು.

ಅಡುಗೆಮನೆಯಲ್ಲಿ ಕ್ಯಾಮೆರಾ ಇತ್ತು. ಉಮೈಮಾ ವಿಡಿಯೊ ಕೇಳಿದಳು. ಶಾಲೆಯ ಮ್ಯಾನೇಜರ್ ಕೊಟ್ರೇಶ ಕೈಚೆಲ್ಲಿದ.

“ನಿನ್ನೆ ಕಂಪ್ಯೂಟರಿನ್ಯಾಗ ಲಿನಕ್ಸ್ ಅಪ್‌ಡೇಟ್ ಮಾಡಿದೆ ನೋಡ್ರಿ ಮೇಡಂ. ಆವಾಗಿಂದ ಯಾವ ವಿಡಿಯೊನೂ ಕಾಣವಲ್ದು. ಬರೇ ಆವಾಜ್ ಬರ್ತೈತಿ.”

* * *

ಅದು ಸುಳ್ಳಲ್ಲ. ಪಾಠದ ವಿಡಿಯೊ ಹಾಕಿದರೂ ಪರದೆ ಕಪ್ಪು, ಟೀಚರ ದನಿ ಮಾತ್ರ. ಬೆಳಗಿನ ಅಡುಗೆಮನೆಯದೂ ಹಾಗೇ. ಪಾತ್ರೆಯ ಸದ್ದು, ಬಳೆಯ ಸದ್ದು, ನಡುವೆ ಪಟಪಟ ಬಡಿಯುವ ಸದ್ದು.

ಉಮೈಮಾ ಮತ್ತೊಮ್ಮೆ ಕೇಳಿದಳು. ಸವಣೂರಿನ ಮನೆಯಲ್ಲಿ ಈ ಸದ್ದಿಗೇ ಅವಳು ಎದ್ದು ಬೆಳೆದವಳು. ಶಂಕ್ರವ್ವನನ್ನು ಒಳಗೆ ಕರೆಸಿದಳು.

“ಮುಂಜಾನೆ ರೊಟ್ಟಿ ಬಡದೀರೇನ್ರಿ?”

“ಇಲ್ರಿ. ಅನ್ನ, ಸಾಂಬಾರ್ ಅಷ್ಟ. ನಮ್ಮ ಕೇರಿಯವರ ಕೈ ರೊಟ್ಟಿ ನಡಿಯಂಗಿಲ್ಲಂತ್ರಿ ಇಲ್ಲಿ. ಹಿಟ್ಟು ನಾದಾಕ ಕೈ ಹಚ್ಚಬೇಕಲ್ರಿ, ಅದಕ್ಕ. ರೊಟ್ಟಿ ಹೊರಗಿಂದ ಬರ್ತಾವ.”

“ಯಾರು ಹಂಗಂದವರು?”

ಶಂಕ್ರವ್ವನ ಕಣ್ಣು ಕೊಟ್ರೇಶನ ಕಡೆ ಹೋಗಿ ನೆಲಕ್ಕಿಳಿಯಿತು.

* * *

ಉಮೈಮಾಳ ಸ್ವಂತ ಲ್ಯಾಪ್‌ಟಾಪಿಗೂ ಒಮ್ಮೆ ಇದೇ ರೋಗ ಬಂದಿತ್ತು. ಅಪ್‌ಡೇಟಿನಲ್ಲಿ ಹೊಸ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬರುತ್ತದೆ. ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಡ್ರೈವರ್ ಅದರ ಜೊತೆ ಹೊಂದಿಕೊಳ್ಳುವುದಿಲ್ಲ. ಚಿತ್ರ ಕಾಣುವುದಿಲ್ಲ, ಆದರೆ ವಿಡಿಯೊಗೆ ಏನೂ ಆಗಿರುವುದಿಲ್ಲ. ಅವಳು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದಳು. ಎಲ್ಲ ಅಳಿಸಿಹೋಗುತ್ತದೆ, ಮುಟ್ಟಬೇಡಿ ಎಂದು ಕೊಟ್ರೇಶ ಗೋಗರೆದ. ಅವಳು ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿದಳು.

ಪಾಠದ ಟೀಚರ ಮುಖ ಮೂಡಿತು. ಬಳಿಕ ಅಡುಗೆಮನೆಯ ವಿಡಿಯೊ. ಅದು ಶಾಲೆಯ ಅಡುಗೆಮನೆಯಲ್ಲ. ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತ ತಲೆಯೆತ್ತಿ ನಕ್ಕಳು. ಹೆಡ್‌ಮಾಸ್ಟರ್ ಕನ್ನಡಕ ಏರಿಸಿದರು. ಅವಳು ಕೊಟ್ರೇಶನ ಹೆಂಡತಿ.

ಉಮೈಮಾ ಕಂಪ್ಯೂಟರಿನ ಕಸದ ಬುಟ್ಟಿ ತೆರೆದಳು. ಅಸಲಿ ವಿಡಿಯೊ ಅಲ್ಲೇ ಬಿದ್ದಿತ್ತು. ಶಂಕ್ರವ್ವ ಹಿತ್ತಲಿಗೆ ಹೋಗುತ್ತಾಳೆ. ಕೊಟ್ರೇಶ ಬರುತ್ತಾನೆ, ಸಾಂಬಾರಿಗೆ ಡಬ್ಬಿ ಬಗ್ಗಿಸುತ್ತಾನೆ, ಅದನ್ನು ಅವಳ ಚೀಲಕ್ಕೆ ತುರುಕಿ ಕೈಯನ್ನು ಕರ್ಚೀಫಿಗೆ ಚೊಕ್ಕಟವಾಗಿ ಒರೆಸಿಕೊಳ್ಳುತ್ತಾನೆ.

“ಪರದೆ ಕಪ್ಪಾತು, ಇನ್ನ ಕ್ಯಾಮೆರಾನೂ ಕುರುಡಾತು ಅಂತ ಧೈರ್ಯ ಮಾಡಿದಿ,” ಎಂದಳು ಉಮೈಮಾ. “ಆಮ್ಯಾಲ ಹೆದರಿಕಿ ಬಂತು, ಅಸಲಿದನ್ನ ಅಳಿಸಿದಿ. ವಿಡಿಯೊ ಇಲ್ಲದಿದ್ರ ಸಂಶೆ ಬರ್ತೈತಂತ ಫೋನಿನಾಗಿಂದು ಹೆಂಡ್ತಿ ವಿಡಿಯೊ ಅದ ಹೆಸರಿಲೆ ತುರುಕಿದಿ. ಅಡಗಿಮನಿ ಆವಾಜ್ ಇದ್ರ ಸಾಕು, ಚಿತ್ರ ಯಾರಿಗೂ ಕಾಣಂಗಿಲ್ಲ ಅಂದ್ಕೊಂಡಿ. ಇಲ್ಲಿ ರೊಟ್ಟಿ ಬಡಿಯೋದನ್ನ ನಿಲ್ಲಿಸಿದಾವ ನೀನ, ಅದನ್ನ ಮರ್ತಿ.”

ಹೋದ ತಿಂಗಳು ಶಾಲೆಯ ಟ್ರಸ್ಟಿನವರು ಶಂಕ್ರವ್ವನಿಗೆ ಇಡೀ ಅಡುಗೆ ಒಪ್ಪಿಸಿದ್ದರು. ರೊಟ್ಟಿ ತಡೆದರೂ ಅನ್ನ-ಸಾಂಬಾರಿಗೆ ಅವಳ ಕೈ ತಪ್ಪಿಸಲು ಅವನಿಗೆ ಆಗಿರಲಿಲ್ಲ, ಅದೇ ಅವನ ಸಂಕಟ.

“ಜರಾ ಹಾಕಿದ್ನಿರಿ,” ಎಂದ ಕೊಟ್ರೇಶ. “ಅಷ್ಟಕ್ಕ ಯಾರೂ ಸಾಯಂಗಿಲ್ಲ. ಆಕಿ ಬಿಟ್ಟು ಹೋಗಿದ್ರ ಸಾಕಿತ್ತು.”

ಛೀ ಎನ್ನುವುದೂ ಅವನಿಗೆ ಹೆಚ್ಚಾಯಿತು ಅನ್ನಿಸಿತು ಉಮೈಮಾಳಿಗೆ. ಮಡಿ ಮಡಿ ಅನ್ನುವವನು ಮಕ್ಕಳ ಬಾಯಿಗೆ ಹಾಕಿದ್ದು ಇದನ್ನು. ಅವನ ತೋಳು ಹಿಡಿಯಲೂ ಅಸಹ್ಯವಾಗಿ ಕಾನ್‌ಸ್ಟೇಬಲ್ ಲಕ್ಕಪ್ಪನಿಗೆ ಸನ್ನೆ ಮಾಡಿದಳು.

ಹೆಡ್‌ಮಾಸ್ಟರಿಗೆ ಆತುರ. ಆಗಿದ್ದು ಆಯಿತು, ಉಳಿದ ಮಕ್ಕಳು ಹಸಿದಿದ್ದಾರೆ, ಹೋಗಿ ಒಲೆ ಹಚ್ಚು ಎಂದು ಶಂಕ್ರವ್ವನಿಗೆ ಹೇಳಿದರು.

ಅವಳು ಕದಲಲಿಲ್ಲ.

“ಕೊಲಿಗಡಕಿ ಅಂತ ಎಲ್ಲಾರ ಮುಂದ ಅಂದ್ರಿ. ಈಗ ದವಾಖಾನಿಗೆ ಬರ್ರಿ. ಶಂಕ್ರವ್ವ ವಿಷಾ ಹಾಕಿಲ್ಲಂತ ಆ ಹುಡುಗ್ರ ಮುಂದ, ಅವರ ಅವ್ವ-ಅಪ್ಪನ ಮುಂದ ನಿಮ್ಮ ಬಾಯಿಲೆ ಹೇಳ್ರಿ. ಆಮ್ಯಾಲ ಒಲಿ.”

ಹೆಡ್‌ಮಾಸ್ಟರ್ ಉಮೈಮಾಳ ಮುಖ ನೋಡಿದರು. ಅವಳು ಜೀಪಿನ ಬಾಗಿಲು ತೆಗೆದು ಹಿಡಿದಿದ್ದಳು.