ಎಂಟನೇ ಲ್ಯಾಪ್‌ಟಾಪ್

ಡಿಸ್ಕ್ ಕಾಪಿ ಮಾಡುವ ಬಾಕ್ಸಿನ ಮೇಲೆ ಮೊದಲ ಹಸಿರು ದೀಪ ಹತ್ತಿತು. ಕಾಲು ಭಾಗ ಕಾಪಿ ಆಯಿತು ಅಂತ ಅದರ ಅರ್ಥ. ಯಾಳಿನಿ ಸುಮ್ಮನೆ ಅದರ ಕಡೆ ಒಂದು ಸಲ ನೋಡಿದಳು. ಆಮೇಲೆ ಕಣ್ಣು ಕೀಳಲು ಆಗಲಿಲ್ಲ.

ಹಳೇ ಡಿಸ್ಕು ಹಿಂದಿನ ಗೂಡಿನಲ್ಲಿ ನಿಂತಿತ್ತು. ಹೊಸ ಎಸ್‌ಎಸ್‌ಡಿ ಮುಂದಿನ ಗೂಡಿನಲ್ಲಿತ್ತು.

ತಿರುಗುಮುರುಗು.

ಆ ಬಾಕ್ಸಿಗೆ ಬುದ್ಧಿ ಇಲ್ಲ. ಮುಂದಿನ ಗೂಡಿನಲ್ಲಿ ಏನಿದೆಯೋ ಅದನ್ನು ತೆಗೆದು ಹಿಂದಿನದರ ಮೇಲೆ ಬರೆಯುತ್ತಾ ಹೋಗುವುದಷ್ಟೇ ಅದರ ಕೆಲಸ. ಮುಂದೆ ಇದ್ದದ್ದು ಈಗ ತಾನೇ ಕವರ್ ಹರಿದು ತೆಗೆದ ಖಾಲಿ ಡ್ರೈವ್. ಅಂದರೆ ಮೂವತ್ತೈದು ನಿಮಿಷದಿಂದ ಬಾಕ್ಸು ಖಾಲಿಯನ್ನು ಹೊತ್ತು ತಂದು ತುಂಬಿದ್ದರ ಮೇಲೆ ಸುರಿಯುತ್ತಿತ್ತು.

ಅವಳು ವೈರು ಕಿತ್ತಳು. ದೀಪ ಆರಿತು. ರಿಪೇರಿ ಅಂಗಡಿಯ ಹೊರಗೆ, ಕಂಪ್ಯೂಟರ್ ಬಜಾರಾದ ರಿಚಿ ಸ್ಟ್ರೀಟಿನ ಗಲಾಟೆಯೆಲ್ಲ, ಗಾಡಿಗಳ ಹಾರ್ನು, ಸ್ಪೀಕರ್ ಟೆಸ್ಟು ಮಾಡುವವರ ಕಿರುಚಾಟ, ಎಲ್ಲವೂ ದೂರದ ಯಾವುದೋ ಊರಿಂದ ಕೇಳಿಸಿದಂತಾಯಿತು.

ಮಗಿಳನ್ ಬೆಳಿಗ್ಗೆ ಲ್ಯಾಪ್‌ಟಾಪ್ ಕೊಡುವಾಗ ಹೇಳಿದ್ದು ನೆನಪಾಯಿತು. "ಹುಷಾರು ಮೇಡಂ. ನನ್ನ ಪೂರ್ತಿ ಲೈಫ್ ಇದರಲ್ಲಿದೆ."

ಅವನು ಮೊದಲ ಸಲ ಬಂದದ್ದು ಬೇಸಿಗೆಯ ಒಂದು ಶನಿವಾರ. ವ್ಯಾಸರ್‌ಪಾಡಿಯಲ್ಲಿ ಬಡ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳುವ ಒಂದು ಕೇಂದ್ರವಿತ್ತು, ಅಲ್ಲಿ ಲೆಕ್ಕದ ಮೇಷ್ಟ್ರು ಅವನು. ಬೆವರಿಗೆ ಅಂಟಿದ ತಿಳಿನೀಲಿ ಶರ್ಟು, ಕಂಕುಳಲ್ಲಿ ಸರ್ಕಾರ ಪ್ಲಸ್ ಟೂ ಮಕ್ಕಳಿಗೆ ಪುಕ್ಕಟೆ ಕೊಟ್ಟಿದ್ದ ಹಳೇ ಲ್ಯಾಪ್‌ಟಾಪು.

"ಆನ್ ಮಾಡಿ ಇಡ್ಲಿ ತಿಂದು ಕೈ ತೊಳ್ಕೊಂಡು ಬರ್ಬೇಕು ಮೇಡಂ, ಅಷ್ಟು ಸ್ಲೋ. ಯಾವ ಡ್ರೈವ್ ಹಾಕಿದ್ರೆ ಒಳ್ಳೇದು?"

"ಇದಕ್ಕೆ ಎರಡೂವರೆ ಇಂಚಿನ ಸಾಟಾ ಡ್ರೈವ್ ಬಿಟ್ರೆ ಬೇರೆ ಯಾವ್ದೂ ಕೂರಲ್ಲ."

"ಎನ್‌ವಿಎಂಇ ಅಂತ ಒಂದಿದ್ಯಂತಲ್ಲ. ಚೂಯಿಂಗ್ ಗಮ್ ಥರ ಚಪ್ಪಟೆ. ಬಹಳ ಸ್ಪೀಡಂತೆ."

"ಸ್ಪೀಡೇ. ಇದರೊಳಗೆ ಅದಕ್ಕೆ ಜಾಗ ಎಲ್ಲಿದೆ ಸಾರ್? ರೈಲಿನ ಇಂಜಿನ್ ತಂದು ಆಟೋಗೆ ಕಟ್ತೀರಾ?"

ಅವನು ನಕ್ಕ. ನಗುವಾಗ ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಮೊದಲು ಮುಚ್ಚಿಕೊಳ್ಳುತ್ತಿತ್ತು. ಅದನ್ನು ನೋಡಿದ್ದಕ್ಕೆ ಯಾಳಿನಿಗೆ ತನ್ನ ಮೇಲೇ ಸಿಟ್ಟು ಬಂದು, ಸ್ಕ್ರೂ ಬಿಚ್ಚಲು ಕೂತಳು.

"ಹೊಸದಾಗಿ ವಿಂಡೋಸ್ ಹಾಕ್ಕೊಡ್ತೀನಿ. ಅರ್ಧ ಗಂಟೆ ಕೆಲಸ."

"ಬೇಡ ಬೇಡ. ಇದ್ದದ್ದು ಇದ್ದ ಹಾಗೇ ಇರ್ಲಿ. ಕ್ಲೋನ್ ಮಾಡಿ."

"ಅದಕ್ಕೆ ಎರಡು ಗಂಟೆಗೂ ಮೇಲಾಗುತ್ತೆ."

"ಪರವಾಗಿಲ್ಲ. ಕೂತಿರ್ತೀನಿ."

ಕೂತ. ಮುಂದಿನ ಶನಿವಾರ ಇನ್ನೊಂದು ಲ್ಯಾಪ್‌ಟಾಪ್ ತಂದ, ಅವತ್ತೂ ಕೌಂಟರಿನ ಹೊರಗೆ ಬೀದಿಯ ಸ್ಟೂಲಿನ ಮೇಲೆ ಕೂತ. ಅದರ ಮುಂದಿನ ವಾರವೂ. ವಾರಪೂರ್ತಿ ಅದನ್ನೇ ಓದಿಕೊಂಡು ಬರುತ್ತಿದ್ದನೋ ಏನೋ, ಪ್ರತಿ ಸಲ ಒಂದು ಹೊಸ ಪ್ರಶ್ನೆ ಇರುತ್ತಿತ್ತು. ಒಂದು ವಾರ, ಡಿರ್ಯಾಮ್ ಅನ್ನುವ ಮೆಮೊರಿ ಚಿಪ್ ಇರುವ ಡ್ರೈವ್ ತಗೊಳ್ಳಲಾ, ಇಲ್ಲದ್ದು ಸಾಕಾ. ಇನ್ನೊಂದು ವಾರ, ಡ್ರೈವಿಗೂ ಆಯಸ್ಸು ಇಷ್ಟೇ ಅಂತ ಇರುತ್ತಾ, ಎಷ್ಟು ಸಲ ಬರೆದರೆ ಸಾಯುತ್ತೆ.

"ನಿಮ್ಮ ಕೇಂದ್ರದ ಮಕ್ಕಳು ದಿನಾ ಸಿನಿಮಾ ತುಂಬಿಸಿ ಅಳಿಸಿದ್ರೂ ಅವರ ಮೊಮ್ಮಕ್ಕಳ ಕಾಲದ ತನಕ ಬರುತ್ತೆ ಸಾರ್."

"ಅಂದ್ರೆ ಗ್ಯಾರಂಟಿ?"

"ನನ್ನ ಮಾತೇ ಗ್ಯಾರಂಟಿ."

"ಅದಾದ್ರೆ ಸಾಕು," ಅಂದ ಮೆಲ್ಲಗೆ. ಅವಳು ತಲೆ ಎತ್ತಿದಾಗ ಡ್ರೈವಿನ ಡಬ್ಬಿ ಹಿಡಿದು ಅದರ ಮೇಲಿನ ಚೀನೀ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಡಬ್ಬಿ ತಲೆಕೆಳಗಾಗಿತ್ತು.

ಅಂಗಡಿಯ ಯಜಮಾನ ಕಾದರ್ ಭಾಯ್ ಶುಕ್ರವಾರವೇ ರೇಗಿಸಲು ಶುರುಮಾಡುತ್ತಿದ್ದರು. "ಏನಮ್ಮಾ ಯಾಳಿನಿ, ನಾಳೆ ಹಸಿರು ಚೂಡಿದಾರಾ? ಮೇಷ್ಟ್ರಿಗೆ ಹಸಿರು ಅಂದ್ರೆ ಇಷ್ಟ ಅನ್ಸುತ್ತೆ."

"ಭಾಯ್, ಸುಮ್ನಿರಿ."

ಹಸಿರು ಚೂಡಿದಾರವನ್ನೇ ಹಾಕಿಕೊಂಡು ಬರುತ್ತಿದ್ದಳು.

ಇವತ್ತು ಎಂಟನೇ ವಾರ. ಅವನು ತಂದದ್ದು ಸರ್ಕಾರಿ ಲ್ಯಾಪ್‌ಟಾಪಲ್ಲ, ಮೂಲೆ ಒಡೆದ ಕಪ್ಪು ಬಣ್ಣದ್ದು. "ಇದು ನಂದು" ಅಂದ. ಲೈಫಿನ ಮಾತು ಹೇಳಿದ. ಐನೂರು ಜಿಬಿಯದ್ದೇ ಡ್ರೈವ್ ಬೇಕು ಅಂತ ಹಟ ಮಾಡಿ ಆರಿಸಿದ. ಆಮೇಲೆ ಕೌಂಟರಿನ ಗಾಜಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಾ ಹೇಳಿದ.

"ಇದೇ ಕೊನೇದು ಮೇಡಂ. ಇನ್ಮೇಲೆ ನಿಮಗೆ ತೊಂದರೆ ಕೊಡಲ್ಲ."

"ತೊಂದರೆ ಏನ್ ಬಂತು ಸಾರ್," ಅಂದಳು ಅವಳು. ಅದಕ್ಕಿಂತ ಒಳ್ಳೆಯ ಮಾತೊಂದು ಬಾಯಿಗೆ ಬರಬಾರದಿತ್ತೇ?

ಅವನು ಇನ್ನೂ ಏನೋ ಹೇಳುವವನಂತೆ ನಿಂತ. ನಿಂತು, "ಒಂದರ್ಧ ಗಂಟೆ, ಬಂದೆ" ಅಂತ ಹೊರಟೇಹೋದ. ಅವನ ಬೆನ್ನು ಜನರ ಮಧ್ಯೆ ಕಾಣದಾಗುವ ತನಕ ಅವಳು ನೋಡಿದಳು. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ಎರಡು ಡ್ರೈವುಗಳನ್ನು ಎರಡು ಗೂಡಿಗೆ ಇಳಿಸಿತ್ತು. ಬಾಕ್ಸಿನ ಮೇಲೆ ಮೂಲ ಯಾವುದು, ನಕಲು ಯಾವುದು ಅಂತ ಬರೆದಿದ್ದ ಅಕ್ಷರ ಬೆರಳು ತಾಗಿ ತಾಗಿ ಅಳಿಸಿಹೋಗಿ ವರ್ಷಗಳಾಗಿದ್ದವು. ಹೊಸದು ದೊಡ್ಡದಾಗಿದ್ದಿದ್ದರೆ, ಉಲ್ಟಾ ಇಟ್ಟಾಗ ಸಣ್ಣದರಲ್ಲಿ ಹಿಡಿಸದು ಅಂತ ಬಾಕ್ಸೇ ಕೆಂಪು ದೀಪ ತೋರಿಸಿ ನಿಲ್ಲುತ್ತಿತ್ತು. ಇವತ್ತು ಎರಡೂ ಐನೂರು. ಅದು ತಕರಾರಿಲ್ಲದೆ ಒಪ್ಪಿಕೊಂಡಿತು.

"ಭಾಯ್," ಅಂದಳು. "ಉಲ್ಟಾ ಇಟ್ಬಿಟ್ಟೆ."

ಭಾಯ್ ಎದ್ದು ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಳೇ ಡಿಸ್ಕು. ಸಾಯೋ ವಯಸ್ಸೇ. ಓಡ್ತಾ ಓಡ್ತಾ ಸತ್ತೋಯ್ತು ಅಂದ್ಬಿಡು. ಯಾರಿಗ್ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ ಭಾಯ್."

"ನಿಜ ಹೇಳಿದ್ರೆ ಆ ಹುಡುಗ ಮತ್ತೆ ಈ ಕಡೆ ತಲೆ ಹಾಕ್ತಾನಾ? ಯೋಚನೆ ಮಾಡು."

ಅವಳು ಯೋಚಿಸುತ್ತಿದ್ದದ್ದೂ ಅದನ್ನೇ. ಸುಳ್ಳು ಹೇಳಿದರೆ ಅವನು ಬೇಜಾರು ಮಾಡಿಕೊಂಡು, ಥ್ಯಾಂಕ್ಸ್ ಹೇಳಿ, ಯಾವತ್ತಾದರೂ ಒಂದು ದಿನ ಚಾರ್ಜರ್ ಕೊಳ್ಳಲಾದರೂ ಬರಬಹುದು. ನಿಜ ಹೇಳಿದರೆ ಅವನ ಬದುಕನ್ನು ಅಳಿಸಿದವಳು ಅಂತಲೇ ಕೊನೆತನಕ ಅವನ ನೆನಪಿನಲ್ಲಿ ಉಳಿಯುತ್ತಾಳೆ.

ಹೋಗಿದ್ದು ಮೊದಲ ಕಾಲು ಭಾಗ. ಉಳಿದ ಮುಕ್ಕಾಲರಲ್ಲಿ ಫೈಲುಗಳ ಹೆಸರು, ವಿಳಾಸ ಏನೂ ಉಳಿದಿರುವುದಿಲ್ಲ. ಆದರೂ ಹುಡುಕಿದರೆ ಫೋಟೋಗಳಂಥವು ಚೂರುಚೂರಾಗಿ ಸಿಗಬಹುದು. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ ಹುಡುಕಲು ಬಿಟ್ಟಳು. ತುಟಿ ಒಣಗಿತ್ತು. ಪಕ್ಕದಲ್ಲೇ ನೀರಿನ ಬಾಟಲಿ ಇದ್ದದ್ದು ಕಾಣಿಸಲಿಲ್ಲ.

ಹತ್ತು ನಿಮಿಷ ಏನೂ ಬರಲಿಲ್ಲ. ಆಮೇಲೆ ಒಂದು ಫೋಟೋ.

ಒಬ್ಬಳು ಹೆಂಗಸು, ಕೆಂಪು ಸೀರೆ, ಮುಡಿ ತುಂಬ ಕನಕಾಂಬರ. ಮಡಿಲಲ್ಲಿ ತಲೆ ಬೋಳಿಸಿ ಗಂಧ ಬಳಿದ ಕೂಸು, ಕಿವಿ ಚುಚ್ಚಿಸಿಕೊಂಡು ಅಳುತ್ತಿತ್ತು.

ಅವನ ಅಕ್ಕ ಇರಬಹುದು ಅಂದುಕೊಂಡಳು.

ಮತ್ತೊಂದು. ಅದೇ ಹೆಂಗಸು ಮರೀನಾ ಬೀಚಿನಲ್ಲಿ, ಸೀರೆ ಎತ್ತಿ ಹಿಡಿದು, ಅಲೆಗೆ ಹೆದರಿ ನಗುತ್ತಾ, ಫೋಟೋ ತೆಗೆಯುವವನ ಕಡೆ ಕೈ ಚಾಚಿ. ಮತ್ತೊಂದು. ಅದೇ ಹೆಂಗಸು ಅಡುಗೆಮನೆಯಲ್ಲಿ, ಫೋಟೋ ಬೇಡ ಅಂತ ಸೌಟು ತೋರಿಸಿ ಹೆದರಿಸುತ್ತಾ. ಅಕ್ಕನನ್ನು ಯಾರೂ ಹಾಗೆ ಫೋಟೋ ತೆಗೆಯುವುದಿಲ್ಲ.

ಪೂರ್ತಿ ಲೈಫ್.

ಯಾಳಿನಿ ಅಲ್ಲಾಡದೆ ಕೂತಳು. ಎದೆಯೊಳಗೆ ಯಾರೋ ಸ್ಕ್ರೂ ತಿರುಗಿಸುತ್ತಿದ್ದರು. ಹಸಿರು ಚೂಡಿದಾರದ ತೋಳು ನೋಡಿಕೊಂಡಳು. ಈಗಿಂದೀಗಲೇ ಅದನ್ನು ಕಿತ್ತೆಸೆಯಬೇಕು ಅನ್ನಿಸಿತು. ಎಂಟು ಶನಿವಾರ. ಕೂಸಿಗೆ ಎರಡು ವರ್ಷವಾದರೂ ಇರಬೇಕು.

ಆದರೂ ನಿಲ್ಲಿಸಲಿಲ್ಲ. ಒಂದು ಫೋಟೋ ಅರ್ಧ ಬೂದಿಬಣ್ಣವಾಗಿ ಬಂದರೆ ಇನ್ನೊಂದು ದಾರಿಯಲ್ಲಿ ಹುಡುಕಿದಳು, ಸಿಗದಿದ್ದರೆ ಮತ್ತೊಂದರಲ್ಲಿ. ಕಣ್ಣು ಮಂಜಾದಾಗ ಮೊಣಕೈಯಿಂದ ಒರೆಸಿಕೊಂಡು, ತಾನು ಪ್ರೀತಿಸಿದವನ ಹೆಂಡತಿಯನ್ನು ಒಂದೊಂದೇ ಫೋಟೋದಲ್ಲಿ ಬದುಕಿಸುತ್ತಾ ಹೋದಳು.

ಅರ್ಧ ಗಂಟೆ ಅಂತ ಹೋದವನು ಎರಡು ಗಂಟೆ ಕಳೆದ ಮೇಲೆ ಬಂದ. ತಲೆ ಬಾಚಿಕೊಂಡಿದ್ದ. ಎರಡು ಕೈಯಲ್ಲೂ ರೋಸ್ ಮಿಲ್ಕಿನ ಲೋಟ.

"ಮೇಡಂ, ಒಂದು ವಿಷಯ ಹೇಳ್ಬೇಕಿತ್ತು."

"ಮೊದ್ಲು ನಾನು ಹೇಳ್ತೀನಿ ಸಾರ್." ಅವಳು ಎದ್ದು ನಿಂತಳು. ಭಾಯ್ ದೂರದಿಂದ ಬೇಡ ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದರು. ಅವಳು ಆ ಕಡೆ ನೋಡಲಿಲ್ಲ. "ನಿಮ್ಮ ಡಿಸ್ಕ್ ಹಾಳಾಯ್ತು, ತಾನಾಗಿ ಸತ್ತಿದ್ದಲ್ಲ. ತಪ್ಪು ನಂದು. ಎರಡನ್ನೂ ಉಲ್ಟಾ ಇಟ್ಟೆ. ನಿಮ್ಮ ಡಿಸ್ಕ್ ಮೇಲೆ ಖಾಲಿ ಬರೆದುಬಿಟ್ಟೆ."

ರೋಸ್ ಮಿಲ್ಕ್ ಹಿಡಿದ ಕೈ ಹಾಗೇ ನಿಂತಿತು.

"ಕಾಲು ಭಾಗ ಹೋಯ್ತು. ಉಳಿದಿದ್ದು ತೆಗೀತಾ ಇದೀನಿ. ನಿಮ್ಮ ಮಿಸೆಸ್ ಫೋಟೋಗಳು ಸುಮಾರು ಸಿಕ್ಕಿವೆ. ಮಗೂದೂ ಸಿಕ್ಕಿವೆ. ಕಿವಿ ಚುಚ್ಚಿಸಿದ್ದು ಚೆನ್ನಾಗೇ ಬಂದಿದೆ. ಕ್ಷಮಿಸಿ ಅಂತ ಕೇಳೋ ಮುಖಾನೂ ನನಗಿಲ್ಲ."

"ಯಾರ ಮಿಸೆಸ್?"

"ನಿಮ್ಮ ಮಿಸೆಸ್ಸು ಸಾರ್."

"ನನಗ್ಯಾವ ಮಿಸೆಸ್ಸು?"

ಅವಳು ಸ್ಕ್ರೀನ್ ತಿರುಗಿಸಿದಳು. ಮಗಿಳನ್ ಬಗ್ಗಿ ನೋಡಿದ. ಇನ್ನೂ ಬಗ್ಗಿದ. ಅಷ್ಟರಲ್ಲಿ ಇನ್ನೊಂದು ಫೋಟೋ ಬಂತು. ಅದೇ ಹೆಂಗಸಿನ ಹೆಗಲ ಮೇಲೆ ಕೈ ಹಾಕಿ, ಹೊಟ್ಟೆ ಬಿಟ್ಟ, ದಪ್ಪ ಮೀಸೆಯ ಗಂಡಸೊಬ್ಬ ಹಲ್ಲು ಕಿರಿಯುತ್ತಿದ್ದ.

"ಇವನ್ಯಾರು?" ಅಂದಳು ಯಾಳಿನಿ.

"ನನಗೂ ಗೊತ್ತಿಲ್ಲ," ಅಂದ ಮಗಿಳನ್.

ಭಾಯ್ ಪೇಪರು ಮಡಚಿಟ್ಟು ಹತ್ತಿರ ಬಂದರು.

ಮಗಿಳನ್ ಕಿವಿ ಕೆಂಪಾಯಿತು. ಲೋಟ ಇಡಲು ಜಾಗ ಹುಡುಕಿದ, ಸಿಗಲಿಲ್ಲ, ಹಿಡಿದುಕೊಂಡೇ ಹೇಳಿದ. "ನಮ್ಮ ಕೇಂದ್ರದಲ್ಲಿ ಇದ್ದಿದ್ದು ಏಳೇ ಲ್ಯಾಪ್‌ಟಾಪ್ ಮೇಡಂ. ಹೋದ ವಾರಕ್ಕೆ ಮುಗಿದೋಯ್ತು. ಇದನ್ನ ಮೊನ್ನೆ ಇದೇ ಬೀದಿ ಕೊನೇಲಿ, ಫುಟ್‌ಪಾತ್ ಮೇಲೆ ಹಳೇ ಸಾಮಾನು ಮಾರ್ತಾರಲ್ಲ, ಅವರ ಹತ್ರ ತಗೊಂಡೆ. ಒಳಗೆ ಏನಿದೆ ಅಂತ ತೆಗೆದೂ ನೋಡಿಲ್ಲ."

"ಪೂರ್ತಿ ಲೈಫ್ ಅಂದ್ರಿ."

"ಹಾಗನ್ನದೇ ಇದ್ರೆ ನೀವು ಹೊಸದಾಗಿ ವಿಂಡೋಸ್ ಹಾಕಿ ಅರ್ಧ ಗಂಟೇಲಿ ಕಳಿಸಿಬಿಡ್ತಿದ್ರಿ." ಅವನ ದನಿ ಇಳಿಯಿತು. "ಕ್ಲೋನ್ ಆದ್ರೆ ಎರಡು ಗಂಟೆ ಕೂರಬಹುದು. ಪ್ರತಿ ವಾರಾನೂ ಅದಕ್ಕೇ ಕ್ಲೋನ್ ಅಂದಿದ್ದು."

ಯಾಳಿನಿಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಎರಡು ಗಂಟೆ ಸಾರ್. ಎರಡು ಗಂಟೆ ಇಲ್ಲಿ ನಾನು ಸಾಯ್ತಾ ಕೂತಿದ್ದೆ. ನಿಮ್ಮ ಬದುಕು ಅಳಿಸಿಬಿಟ್ಟೆ ಅಂತ. ನಿಮಗೆ ಮದುವೆ ಆಗಿದೆ ಅಂತ. ಯಾರೋ ಒಬ್ಬಳನ್ನ ನೋಡಿ ನೋಡಿ ಅತ್ತಿದೀನಿ. ನಿಮಗೆ ಸುಳ್ಳು ಹೇಳೋಕೆ ಹೇಗೆ ಮನಸ್ಸು ಬಂತು?"

"ಇನ್ನೇನ್ ಮಾಡ್ಲಿ ಮೇಡಂ? ನನ್ನ ಹತ್ರ ತರೋಕೆ ಏನೂ ಉಳಿದಿರ್ಲಿಲ್ಲ."

"ಬರಿಗೈಲಿ ಬಂದಿದ್ರೆ ಆಗ್ತಿರ್ಲಿಲ್ವಾ?"

ಅವನು ಅವಳ ಮುಖ ನೋಡಿದ. ಕೇಳಿಸಿದ್ದು ನಿಜವೋ ಅಲ್ಲವೋ ಅನ್ನುವಂತೆ.

"ಬರಿಗೈಲಿ ಬಂದು ಏನ್ ಹೇಳ್ಲಿ?"

"ಎರಡು ಗಂಟೆ ರೋಡಲ್ಲಿ ಓಡಾಡಿ ಏನೋ ಯೋಚನೆ ಮಾಡ್ಕೊಂಡು ಬಂದ್ರಲ್ಲ. ಅದನ್ನೇ ಹೇಳಿ."

"ಎಲ್ಲಾ ಮರೆತೋಯ್ತು." ತಡವರಿಸಿದ. "ನೀವಂದ್ರೆ ನನಗೆ ತುಂಬ ಇಷ್ಟ. ಶನಿವಾರ ಬಿಟ್ರೆ ಉಳಿದ ದಿನ ಎಲ್ಲ ನಾನು ಸುಮ್ನೆ ತಳ್ತಾ ಇದೀನಿ. ಇಷ್ಟೇ ನೆನಪಿದೆ."

ಭಾಯ್ ಅವನ ಕೈಯಿಂದ ಒಂದು ಲೋಟ ಬಿಡಿಸಿಕೊಂಡರು. "ಇದು ನನಗೇ ತಾನೇ ತಂದಿದ್ದು?" ಅಂತ ಕುಡಿಯುತ್ತಾ ಒಳಗೆ ಹೋದರು.

ಯಾಳಿನಿ ಕೆಳಗೆ ನೋಡುತ್ತಾ ಹೇಳಿದಳು. "ಏಳು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದೀನಿ. ಒಂದು ದಿನಾನೂ ಉಲ್ಟಾ ಇಟ್ಟಿಲ್ಲ. ಇವತ್ತು ಯಾಕಿಟ್ಟೆ ಅಂತ ನೀವು ಕೇಳ್ಲೇ ಇಲ್ಲ."

"ಯಾಕೆ?"

"ಕೊನೇದು ಅಂದ್ರಲ್ಲ."

ಸ್ಕ್ರೀನಿನ ಮೇಲೆ ಆ ಕೂಸು ಮತ್ತೆ ಬಂತು, ಈ ಸಲ ನಗುತ್ತಾ.

"ಇದನ್ನೆಲ್ಲ ಪೆನ್‌ಡ್ರೈವಿಗೆ ಹಾಕ್ತೀನಿ," ಅಂದಳು ಯಾಳಿನಿ, ಮೂಗೊರೆಸಿಕೊಳ್ಳುತ್ತಾ. "ಆ ಅಮ್ಮ ಎಲ್ಲೋ ಹುಡುಕ್ತಾ ಇರ್ತಾಳೆ. ಯಾರ ಹತ್ರ ತಗೊಂಡ್ರೋ ತೋರಿಸಿ. ಅವರಿಗೆ ಇದು ಯಾವ ಮನೆಯಿಂದ ಬಂತು ಅಂತ ಗೊತ್ತಿರಬಹುದು."

"ಈಗ್ಲಾ?"

"ಮುಂದಿನ ಶನಿವಾರದ ತನಕ ಕಾಯ್ತೀರಾ?"

ಅವಳು ಕೌಂಟರಿನ ಪಕ್ಕದ ಹಲಗೆ ಎತ್ತಿ ಹೊರಗೆ ಬಂದಳು. ಅಂಗಡಿಯ ಒಳಗಿನ ನೆಲ ಬೀದಿಗಿಂತ ಒಂದು ಮೊಳ ಎತ್ತರ. ಎಂಟು ವಾರ ಅವಳು ಅವನನ್ನು ಮೇಲಿನಿಂದಲೇ ನೋಡಿದ್ದಳು, ಅವನ ನೆತ್ತಿಯ ಸುಳಿ ಎಲ್ಲಿದೆ ಅಂತಲೂ ಗೊತ್ತಿತ್ತು. ಈಗ ಬೀದಿಗಿಳಿದು ಪಕ್ಕದಲ್ಲಿ ನಿಂತಾಗ ಅವಳ ತಲೆ ಅವನ ಹೆಗಲಿಗೆ ಬಂತು.

"ಇಷ್ಟು ಉದ್ದ ಇದೀರಾ ನೀವು?" ಅಂದಳು, ಮುಖ ಎತ್ತಿ.

"ನೀವು ಇಷ್ಟು ಗಿಡ್ಡ ಅಂತ ನನಗೂ ಗೊತ್ತಿರ್ಲಿಲ್ಲ," ಅಂದ ಅವನು. ಜನ ತಳ್ಳಿದಾಗ, ಅವಳ ಕೈ ಹಿಡಿದುಕೊಂಡ.